ಐದು ಮೋಟುಗಳ ಮೊಕದ್ದಮೆ

ಮಾವನ ಮೇಲೆ ಕೇಸಾಗಿದೆ ಎಂದು ಅತ್ತೆ ಫೋನು ಮಾಡಿದಾಗ ನಾನು ಯಾರದೋ ಬಾಡಿಗೆ ಕರಾರಿನ ಮೂರನೆಯ ಪುಟದಲ್ಲಿದ್ದೆ. ಕೋರ್ಟಿನ ಎದುರಿಗೇ ನನ್ನ ಟೈಪಿಂಗ್ ಅಂಗಡಿ. ಗಿರಾಕಿ ಒಬ್ಬರು ಕೂತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು, ಅಷ್ಟೇ ಜಾಗ. ಇಪ್ಪತ್ತೆರಡು ವರ್ಷದಿಂದ ಊರವರ ಜಗಳಗಳನ್ನೆಲ್ಲ ಎಡಗಡೆ ಅಂಚು ಬಿಟ್ಟು ಅಂದವಾಗಿ ಟೈಪು ಮಾಡಿಕೊಟ್ಟವಳು ನಾನು. ಕೇಸು ಎಂದಕೂಡಲೇ ಎದೆ ಒಡೆದುಕೊಳ್ಳುವ ಪೈಕಿ ಅಲ್ಲ.

"ಯಾವ ಸೆಕ್ಷನ್ನು ಅತ್ತೆ?" ಎಂದೆ.

"ಸೆಕ್ಷನ್ನು ಗಿಕ್ಷನ್ನು ನಂಗೇನು ಗೊತ್ತು! ಪಾರ್ಕಲ್ಲಿ ಮರ ಹತ್ತಿದಾರೆ ನಿಮ್ಮ ಮಾವ. ಎಪ್ಪತ್ತೊಂದು ವರ್ಷಕ್ಕೆ! ಕಪಿ ತಾನು ಕೆಡೋದಲ್ದೆ ವನಾನೂ ಕೆಡಿಸ್ತು ಅಂತಾರಲ್ಲ, ಅದನ್ನೇ ಸಮನ್ಸಲ್ಲಿ ಬರೆದು ಕಳಿಸಿದಾರೆ."

ನಗು ಬಂತು, ನಕ್ಕೆ. ಹಾಗೆ ನಕ್ಕಿದ್ದಕ್ಕೆ ಮುಂದೆ ತಿಂಗಳುಗಟ್ಟಲೆ ದಂಡ ತೆತ್ತೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಊರಿನ ದೊಡ್ಡ ಪಾರ್ಕಿನಲ್ಲಿ ಮೂವತ್ತಾರು ವರ್ಷ ಮಾಲಿಯಾಗಿದ್ದವರು. ಮಾಲಿ ಎಂದರೆ ಹೂವಿನ ಗಿಡಕ್ಕೆ ನೀರು ಹಾಕುವವನು ಎಂದು ಜನ ತಿಳಿದಿರುತ್ತಾರೆ. ಮಾವ ಹೂವಿನ ಮಡಿಗಳ ಕಡೆ ತಿರುಗಿಯೂ ನೋಡಿದವರಲ್ಲ, ಅವರದು ಮರದ ಕೆಲಸ. ಒಣಗಿದ ಕೊಂಬೆ, ದಾರಿಗೆ ಅಡ್ಡ ಬಂದ ಕೊಂಬೆ, ಗಾಳಿಗೆ ಸೀಳಿದ ಕೊಂಬೆ, ಇವನ್ನು ತೆಗೆಯುವುದು. ಅದಕ್ಕೇ ಈಗಲೂ ಬೀದಿಯಲ್ಲಿ ತಲೆ ಎತ್ತಿಕೊಂಡೇ ನಡೆಯುತ್ತಾರೆ. ಎದುರಿಗೆ ಬಂದವರು ಒಂದೋ ಇವರಿಗೆ ಬಹಳ ಜಂಬ ಎಂದುಕೊಳ್ಳುತ್ತಾರೆ, ಇಲ್ಲವೇ ಡಿಕ್ಕಿ ಹೊಡೆಸಿಕೊಂಡು ಬೈಯುತ್ತಾರೆ.

ಮನೆ ಎರಡನೇ ಮಹಡಿಯಲ್ಲಿ, ಎರಡು ಕೋಣೆ. ಹುಡುಕಿದರೂ ಒಂದು ಹೂಕುಂಡ ಸಿಗುವುದಿಲ್ಲ. ಕೇಳಿದರೆ, "ಡ್ರೈವರು ಮನೆಗೆ ಬಂದ ಮೇಲೂ ಸ್ಟೀರಿಂಗ್ ತಿರುಗಿಸ್ತಾ ಕೂರ್ತಾನಾ?" ಎನ್ನುತ್ತಾರೆ. ಅಡುಗೆಮನೆಯ ಬಾಗಿಲ ಹಿಂದೆ ಮೂರು ಗರಗಸಗಳು ತೂಗುತ್ತಿರುತ್ತವೆ. ಅವುಗಳ ಹಲ್ಲಿಗೆ ಸೈಕಲ್ಲಿನ ಹಳೇ ಟ್ಯೂಬನ್ನು ಸೀಳಿ ತೊಡಿಸಿದ್ದಾರೆ. ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು ಮೂರುಮೂಲೆಯ ಅರದಿಂದ ಒಂದೊಂದೇ ಹಲ್ಲನ್ನು ಮಸೆಯುತ್ತಾರೆ. ಆ ಸದ್ದಿಗೆ ಅತ್ತೆಯ ಹಲ್ಲು ಜುಮ್ಮೆನ್ನುತ್ತದೆ. "ನಿವೃತ್ತಿಯಾದ ಗರಗಸಕ್ಕೆ ಇನ್ಯಾಕ್ರೀ ಹಲ್ಲು?" ಎಂದು ಅತ್ತೆ ಕೂಗಿದರೆ, "ನಿವೃತ್ತಿ ಆಗಿದ್ದು ನಾನು, ಅದಲ್ಲ" ಎಂದು ಮಾವ ಇನ್ನೂ ನಾಲ್ಕು ಸಲ ಮಸೆಯುತ್ತಾರೆ.

ಪಾರ್ಕಿನ ಮರಗಳಿಗೆಲ್ಲ ಅವರು ಅಡ್ಡಹೆಸರು ಇಟ್ಟಿದ್ದರು. ಗೇಟಿನ ಹತ್ತಿರದ್ದು ಪೊಲೀಸು. ವರ್ಷಕ್ಕೊಮ್ಮೆ ಒಣಗಿದಂತೆ ನಟಿಸಿ ಮತ್ತೆ ಚಿಗುರುವುದು ನಾಟಕದವಳು. ಮುಳ್ಳಿರುವ ಒಂದು ಮರಕ್ಕೆ ಇಟ್ಟ ಹೆಸರನ್ನು ಅತ್ತೆಯ ಎದುರು ಹೇಳುವಂತಿಲ್ಲ. ಕೊಳದ ದಂಡೆಯಲ್ಲಿ ನೀರಿನ ಮೇಲೆ ಒರಗಿಕೊಂಡಿರುವ ದೊಡ್ಡ ಮರದ ಹೆಸರು ಸೋಮಾರಿ. ಅದರ ಕೆಳಗೊಂದು ಬೆಂಚು. ನಿವೃತ್ತರಾದ ಮೇಲೂ ಮಾವ ದಿನಾ ಬೆಳಗ್ಗೆ ಪಾರ್ಕನ್ನು ಒಂದು ಸುತ್ತು ಹಾಕಿ, ಆ ಬೆಂಚಿನಲ್ಲಿ ಕೂತು, ತಲೆ ಎತ್ತಿ ಸೋಮಾರಿಯ ಯೋಗಕ್ಷೇಮ ನೋಡಿಕೊಂಡು ಮನೆಗೆ ಬರುತ್ತಿದ್ದರು. ಕೇಸಾದದ್ದು ಈ ಸೋಮಾರಿಯ ವಿಷಯದಲ್ಲೇ.

ಈಗ ಪಾರ್ಕಿನ ಕೆಲಸವೆಲ್ಲ ಗುತ್ತಿಗೆಗೆ ಹೋಗಿದೆ. ಗುತ್ತಿಗೆದಾರನ ಕಡೆಯವರು ಮೋಟಾರು ಗರಗಸ ತಂದು, ಕೊಳದ ಸುತ್ತಿನ ಕಾಲುದಾರಿಗೆ ಬಾಗಿದ್ದ ಐದು ಕೊಂಬೆಗಳನ್ನು ಹತ್ತು ನಿಮಿಷದಲ್ಲಿ ಹಾರಿಸಿ ಹೋದರು. ಹೋಗುವಾಗ ಕಾಂಡದ ಮೇಲೆ ಐದು ಮೋಟು ಬಿಟ್ಟುಹೋದರು, ಒಂದೊಂದೂ ಮೊಣಕೈ ಉದ್ದ. ಅದರಿಂದೇನು ಎಂದು ನಾನು ಕೇಳಿದಾಗ ಮಾವ ನನ್ನನ್ನು ಅಕ್ಷರ ಬಾರದವಳನ್ನು ನೋಡಿದಂತೆ ನೋಡಿದರು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಉಬ್ಬಿದ ಒಂದು ಪಟ್ಟಿ ಇರುತ್ತದಂತೆ. ಅದು ಮರದ ಕುತ್ತಿಗೆ. ಗರಗಸ ಕುತ್ತಿಗೆಯ ಹೊರಗೆ, ಅದಕ್ಕೆ ಒತ್ತಿಕೊಂಡು ಇಳಿಯಬೇಕು. ಆಗ ಗಾಯದ ಸುತ್ತ ಹೊಸ ತೊಗಟೆ ತುಟಿಯ ಹಾಗೆ ಎದ್ದು ಬಂದು ವರ್ಷವರ್ಷಕ್ಕೆ ಮುಚ್ಚಿಕೊಳ್ಳುತ್ತದೆ. ಮೋಟು ಬಿಟ್ಟರೆ ತುಟಿ ಬರುವುದಿಲ್ಲ. ಮೋಟು ಕೊಳೆತು, ಕೊಳೆತದ್ದು ಕಾಂಡದೊಳಕ್ಕೆ ಇಳಿಯುತ್ತದೆ. ಇನ್ನೊಂದು ಮಾತನ್ನು ಅವರು ಬೆರಳೆತ್ತಿ ಹೇಳಿದರು. ಮೊದಲು ಕೆಳಗಿನಿಂದ ಒಂದು ಗೀಟು ಕುಯ್ದು, ಆಮೇಲೆ ಮೇಲಿನಿಂದ ಕುಯ್ಯಬೇಕು. ಕೆಳಗಿನ ಕುಯ್ತ ಹಾಕದಿದ್ದರೆ, ಮರದ ತುಂಡು ಬೀಳುವಾಗ ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನೇ ಸುಲಿದುಕೊಂಡು ಬೀಳುತ್ತದೆ.

ಮಾವ ಪಾರ್ಕಿನ ಆಫೀಸಿಗೆ ಮೂರು ಅರ್ಜಿ ಕೊಟ್ಟರು. ಮೂರನ್ನೂ ಟೈಪು ಮಾಡಿದವಳು ನಾನೇ. ಅಲ್ಲಿಯ ಸೂಪರ್‌ವೈಸರ್, ನಲವತ್ತು ದಾಟಿದ ಮನುಷ್ಯ, ಮಾವನ ಕೈಕೆಳಗೇ ಗರಗಸ ಹಿಡಿಯಲು ಕಲಿತವನು. "ಗುತ್ತಿಗೆ ಮುಗಿದಿದೆ ಮೇಸ್ಟ್ರೇ, ಮುಂದಿನ ವರ್ಷ ನೋಡೋಣ" ಎಂದು ಮೂರು ಸಲವೂ ಅರ್ಜಿ ತೆಗೆದು ಒಳಗಿಟ್ಟ. ಮುಂದಿನ ವರ್ಷ ಎನ್ನುವುದನ್ನು ಮಾವ ಕೇಳಿಸಿಕೊಂಡರು, ಸೋಮಾರಿ ಕೇಳಿಸಿಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಚಿಗುರು ಕಾಣುವ ಮುಂಚಿನ ಒಂದು ಭಾನುವಾರ, ಬೆಳಕು ಹರಿಯುವ ಹೊತ್ತಿಗೆ, ಕೆಳಗಿನ ಮನೆಯ ಪೇಂಟರ್‌ನ ಏಣಿ ಹೊತ್ತುಕೊಂಡು ಹೋದರು. ಐದು ಮೋಟುಗಳನ್ನೂ ತೆಗೆದು, ತುಂಡುಗಳನ್ನು ಕಸದ ತೊಟ್ಟಿಯ ಪಕ್ಕ ಒಪ್ಪವಾಗಿ ಪೇರಿಸಿ, ಪುಡಿ ಗುಡಿಸಿ, ಮನೆಗೆ ಬಂದು ಕಾಫಿ ಕುಡಿದರು. ವಾಕಿಂಗ್ ಬಂದಿದ್ದ ಯಾರೋ ಒಬ್ಬರು ಮೊಬೈಲಿನಲ್ಲಿ ಫೋಟೋ ಹಿಡಿದು, ಮರ ಕಡಿಯುತ್ತಿದ್ದಾರೆ ಎಂದು ಮೇಲಿನವರಿಗೆ ಕಳಿಸಿದರು. ಮೇಲಿನವರು ಸೂಪರ್‌ವೈಸರ್‌ನನ್ನು ಹಿಡಿದರು. ಅವನು ದೂರು ಬರೆದುಕೊಡಬೇಕಾಯಿತು. ಗುರುವಿಗೇ ತಿರುಮಂತ್ರ!

ದೂರಿನಲ್ಲಿದ್ದದ್ದು ಒಂದೇ ಸಾಲು: ಸಾರ್ವಜನಿಕ ಉದ್ಯಾನದ ಮರಕ್ಕೆ ಹಾನಿ. ಸಾಬೀತಾದರೆ ದಂಡ ದೊಡ್ಡದಲ್ಲ, ಆದರೆ ಜೊತೆಗೆ ಒಂದು ವರ್ಷ ಪಾರ್ಕಿನೊಳಗೆ ಕಾಲಿಡುವಂತಿಲ್ಲ.

ಅವತ್ತು ಸಂಜೆಯೇ ಮಾವನ ಮನೆಗೆ ಹೋಗಿ ನನ್ನ ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಬಿಚ್ಚಿಟ್ಟೆ. "ನೋಡಿ ಮಾವ, ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ನೀವು ಎರಡೂ ಆಗೋದು ಬೇಡ. ಮೊದಲನೇ ದಿನಾನೇ ತಪ್ಪಾಯ್ತು ಅಂದ್ಬಿಡಿ. ವಯಸ್ಸು ನೋಡಿ ಎಚ್ಚರಿಕೆ ಕೊಟ್ಟು ಕಳಿಸ್ತಾರೆ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು."

"ಒಪ್ಪಿಗೆ ಇಲ್ದೆ ಹತ್ತಿದ್ದು ತಪ್ಪು ಅನ್ಲಿ, ಒಪ್ಕೋತೀನಿ. ಹಾನಿ ಅಂತ ಯಾಕೆ ಬರೀಬೇಕು?"

"ಅದೊಂದು ಪದ ಮಾವ. ಫಾರಂನಲ್ಲಿ ಅಚ್ಚು ಹಾಕಿರ್ತಾರೆ."

"ಮೂವತ್ತಾರು ವರ್ಷ ಅದೊಂದು ಆಗ್ಬಾರ್ದು ಅಂತ ತಾನೇ ಸಂಬಳ ತಗೊಂಡಿದ್ದು? ಅದಕ್ಕೆ ನಾನು ಸಹಿ ಹಾಕಲ್ಲ ಕಣಮ್ಮ."

ಅತ್ತೆ ಒಲೆಯ ಮುಂದಿನಿಂದಲೇ, "ಅವಳ ಬಾಯಿ ಯಾಕೆ ನೋಯಿಸ್ತೀರಿ? ಕಲ್ಲಿಗೆ ನೀರು ಹಾಕಿ ಮೆತ್ತಗೆ ಮಾಡೋಕೆ ಬಂದಿದಾಳೆ, ಪಾಪ" ಎಂದರು. ನನಗೆ ಸಿಟ್ಟು ಬಂತು. ಜನ ಒಂದು ಪದಕ್ಕೋಸ್ಕರ ಹತ್ತು ವರ್ಷ ಕೋರ್ಟಿಗೆ ಅಲೆಯುವುದನ್ನು ನೋಡಿ ನೋಡಿ ನನಗೆ ಪದಗಳ ಮೇಲೆ ಗೌರವವೇ ಹೋಗಿದೆ. ಅವು ಸಾಲಿಗೆ ಇಷ್ಟು ಎಂದು ಟೈಪು ಮಾಡುವ ಸಾಮಾನು, ಅಷ್ಟೇ. ನಮ್ಮ ಮನೆಯಲ್ಲೇ ಇಂಥವರೊಬ್ಬರು ಇದ್ದಾರೆಂದು ಗೊತ್ತಿರಲಿಲ್ಲ.

ವಿಚಾರಣೆಯ ದಿನ ಅಂಗಡಿಗೆ ಬೀಗ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮ್ಯಾಜಿಸ್ಟ್ರೇಟ್ ಮೇಡಂಗೆ ನೆಗಡಿಯಾಗಿತ್ತು. ಕರವಸ್ತ್ರವನ್ನು ಒಂದು ಕೈಯಲ್ಲೇ ಹಿಡಿದುಕೊಂಡು ಫೈಲು ತಿರುಗಿಸಿದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟಕಟೆಯಲ್ಲಿ ನಿಂತು, ಅಭ್ಯಾಸಬಲದಿಂದ ಛಾವಣಿ ನೋಡುತ್ತಿದ್ದರು.

"ಇಲ್ಲಿ ನೋಡಿ. ಮರಕ್ಕೆ ಹಾನಿ ಮಾಡಿದೀರಿ ಅಂತ ಆರೋಪ. ಒಪ್ಕೋತೀರಾ?"

"ಹತ್ತಿದ್ದು ಹೌದು ಮೇಡಂ. ಕುಯ್ದಿದ್ದೂ ಹೌದು. ಹಾನಿ ಇಲ್ಲ."

"ಪರ್ಮಿಷನ್ ಇತ್ತಾ?"

"ಮೂರು ಅರ್ಜಿ ಕೊಟ್ಟಿದ್ದೆ. ಮುಂದಿನ ವರ್ಷ ನೋಡೋಣ ಅಂದ್ರು."

ಸರ್ಕಾರಿ ವಕೀಲರು ಎದ್ದು ನಿಂತರು. ಅವರಿಗೂ ಇದು ಬೇಗ ಮುಗಿದರೆ ಸಾಕಾಗಿತ್ತು. "ಕುಯ್ದ ಜಾಗಕ್ಕೆ ಬಣ್ಣ ಕೂಡ ಬಳಿದಿಲ್ಲ ಮೇಡಂ. ಹಾಗೇ ಬಿಟ್ಟು ಹೋಗಿದಾರೆ."

"ಗಾಯಕ್ಕೆ ಗಾಳಿ ಬೇಕು ಸ್ವಾಮಿ" ಎಂದರು ಮಾವ. "ನಿಮ್ಮ ಮಂಡಿ ತರಚಿದ್ರೆ ಪೇಂಟು ಹೊಡೀತೀರಾ?"

ಕೋರ್ಟಿನಲ್ಲಿ ನಗು ಎದ್ದಿತು. ಮೇಡಂ ಸೀನಿದರೋ ನಕ್ಕರೋ ಕರವಸ್ತ್ರದ ಹಿಂದೆ ತಿಳಿಯಲಿಲ್ಲ. ಆಮೇಲೆ ಗಂಭೀರವಾಗಿಯೇ ಕೇಳಿದರು: "ಸರಿ, ನೀವು ಹಾನಿ ಅಲ್ಲ ಅಂತೀರಿ. ಅವರು ಹೌದು ಅಂತಾರೆ. ನಾನು ಯಾರ ಮಾತು ನಂಬಲಿ?"

"ಯಾರದ್ದೂ ಬೇಡ. ಮರಾನೇ ಹೇಳುತ್ತೆ. ಒಂದು ಚಿಗುರುಗಾಲ ಕಳೀಲಿ. ತುಟಿ ಬಂದ್ರೆ ನನ್ನ ಮಾತು ನಿಜ, ಬರ್ದಿದ್ರೆ ಅವರದ್ದು."

ನಾನು ತಲೆ ಚಚ್ಚಿಕೊಂಡೆ. ಆದರೆ ಮೇಡಂ ಸ್ವಲ್ಪ ಹೊತ್ತು ಪೆನ್ನು ಆಡಿಸಿ, ತೋಟಗಾರಿಕೆ ಕಾಲೇಜಿನ ಪ್ರೊಫೆಸರೊಬ್ಬರು ಚಿಗುರುಗಾಲ ಮುಗಿದ ಮೇಲೆ ಮರವನ್ನು ನೋಡಿ ವರದಿ ಕೊಡಬೇಕೆಂದು ಬರೆಸಿದರು. ಎಂಟು ತಿಂಗಳ ವಾಯಿದೆ. ಅಲ್ಲಿಯವರೆಗೆ ಆರೋಪಿ ಪಾರ್ಕಿನೊಳಗೆ ಹೋಗುವಂತಿಲ್ಲ. ಒಳಗೆ ಬಿಟ್ಟರೆ ಮತ್ತೆ ಹತ್ತುತ್ತಾರೆ ಎಂದು ವಕೀಲರು ಹೇಳಿದ್ದರು. ಅದೊಂದು ಮಾತು ಮಾತ್ರ ಅವರು ನೂರಕ್ಕೆ ನೂರು ಸರಿಯಾಗಿ ಹೇಳಿದ್ದು.

ಹಾಗಾಗಿ ತೀರ್ಪು ಬರುವ ಮೊದಲೇ ಶಿಕ್ಷೆ ಬಂತು. ಮಾವ ಬೆಳಗ್ಗೆ ಅದೇ ಹೊತ್ತಿಗೆ ಹೊರಟು ಪಾರ್ಕಿನ ಕಬ್ಬಿಣದ ಬೇಲಿಯ ಹೊರಗಡೆ ಸುತ್ತು ಹಾಕಿ ಬರುತ್ತಿದ್ದರು. ಒಂದು ಕಡೆ ಬೇಲಿಗೆ ಒತ್ತಿ ನಿಂತರೆ ಸೋಮಾರಿಯ ಬೆನ್ನು ಕಾಣುತ್ತದೆ. ಗಾಯಗಳಿರುವುದು ಕೊಳದ ಕಡೆಗೆ. ಎಷ್ಟು ಕತ್ತು ಚಾಚಿದರೂ ಕಾಣುವುದಿಲ್ಲ. ಒಂದು ವಾರ ಹೀಗೆ ಕಳೆದ ಮೇಲೆ ನನ್ನ ಅಂಗಡಿಗೆ ಬಂದು, ಗಿರಾಕಿ ಏಳುವವರೆಗೆ ಬೀದಿಯಲ್ಲಿ ನಿಂತಿದ್ದು, "ನಿನ್ನ ಮೊಬೈಲಲ್ಲಿ ಫೋಟೋ ಚೆನ್ನಾಗಿ ಬರುತ್ತಾ?" ಎಂದು ಕೇಳಿದರು.

ಅಲ್ಲಿಂದ ಭಾನುವಾರವೆಲ್ಲ ನನ್ನ ಕೈ ಬಿಟ್ಟುಹೋಯಿತು. ವಾರವೆಲ್ಲ ಕುರ್ಚಿಯಲ್ಲಿ ಕೂತು ಬೆನ್ನು ಹಿಡಿದುಕೊಂಡವಳು, ಒಂದು ದಿನ ಮಲಗೋಣವೆಂದರೆ ಮರ ನೋಡಲು ಹೋಗಬೇಕು. ಹೋಗಿ ಐದು ಗಾಯಗಳ ಫೋಟೋ ತೆಗೆದು, ಮಾವನ ಮನೆಗೆ ಹೋಗಿ ತೋರಿಸಬೇಕು. ಮೊದಮೊದಲು ನನಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಒಂದೇ ಥರದ ಬಿಳಿ ಬಿಲ್ಲೆಗಳು. "ಅಂಚು ನೋಡು, ನಡುವೆ ಅಲ್ಲ" ಎಂದು ಮಾವ ಗದರುತ್ತಿದ್ದರು. ಮೂರನೇ ತಿಂಗಳಲ್ಲಿ ಒಂದು ದಿನ, ಕೆಳಗಿನ ಗಾಯದ ಸುತ್ತ ಹಸಿರುಕಂದು ಬಣ್ಣದ ಸಣ್ಣ ಉಬ್ಬು ಕಂಡಿತು. ಬೆಂಚು ಹತ್ತಿ ಬೆರಳಿಟ್ಟು ನೋಡಿದೆ, ಮೆತ್ತಗಿತ್ತು. ನಿಜ ಹೇಳುತ್ತೇನೆ, ಯಾರೂ ಇಲ್ಲದ ಆ ಕೊಳದ ದಂಡೆಯಲ್ಲಿ ನಾನು ಗಟ್ಟಿಯಾಗಿ "ಬಂತು!" ಎಂದುಬಿಟ್ಟೆ. ಮಾವನಿಗೆ ತೋರಿಸಿದಾಗ ಅವರು ಅತ್ತೆಯನ್ನು ಕರೆದು, "ಇವಳಿಗೆ ಇನ್ನೊಂದು ಲೋಟ ಕಾಫಿ ಕೊಡು" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಒಂದಾದ ಮೇಲೊಂದು ನಾಲ್ಕು ಗಾಯಗಳಿಗೆ ತುಟಿ ಬಂತು. ಐದನೆಯದು ಎಲ್ಲಕ್ಕಿಂತ ಮೇಲಿತ್ತು, ನೀರಿನ ಕಡೆಗೆ ತಿರುಗಿಕೊಂಡು. ದಂಡೆಯಲ್ಲಿ ನಿಂತರೆ ಒರಗಿದ ಕಾಂಡದ ಮರೆಯಿಂದ ಅದರ ಮೇಲಂಚು ಮಾತ್ರ ಕಾಣುತ್ತಿತ್ತು, ಅಲ್ಲಿ ತುಟಿ ಚೆನ್ನಾಗಿಯೇ ಇತ್ತು. ಮಾವ ಪ್ರತಿ ವಾರವೂ ಐದನೆಯದರ ಬಗ್ಗೆ ಎರಡೆರಡು ಸಲ ಕೇಳುತ್ತಿದ್ದರು. "ಅದರ ಕೆಳಗಡೆ ಹೇಗಿದೆ?" ಎನ್ನುತ್ತಿದ್ದರು. ಕಾಣುವುದಿಲ್ಲ ಎಂದರೆ, "ಕೊಳದ ಆಚೆ ದಡಕ್ಕೆ ಹೋಗಿ ನೋಡು" ಎಂದರು.

ವಾಯಿದೆಗೆ ಎರಡು ವಾರ ಇರುವಾಗ ಆಚೆ ದಡಕ್ಕೆ ಹೋಗಿ, ಮೊಬೈಲನ್ನು ಕೊನೆಯವರೆಗೂ ಹಿಗ್ಗಿಸಿ ನೋಡಿದೆ. ಗಾಯದ ಕೆಳಗೆ ತುಟಿ ಇರಲಿಲ್ಲ. ಅಲ್ಲಿಂದ ಕೆಳಕ್ಕೆ ಗೇಣುದ್ದ ತೊಗಟೆ ಸುಲಿದು ಜೋತುಬಿದ್ದಿತ್ತು. ಅದರೊಳಗೆ ನೀರು ನಿಂತು ಕಪ್ಪಗಾಗಿತ್ತು. ಎಂಟು ತಿಂಗಳು ಪಾಠ ಹೇಳಿಸಿಕೊಂಡವಳಿಗೆ ಅದು ಏನೆಂದು ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಕೆಳಗಿನ ಕುಯ್ತ ಹಾಕದೆ ಕುಯ್ದರೆ ಆಗುವುದು ಅದೇ. ಅದನ್ನು ಮಾಡಿದ್ದು ಗುತ್ತಿಗೆದಾರನಲ್ಲ, ಮಾವ.

ದಡದಲ್ಲೇ ಕೂತೆ. ಅವರ ಕೈಗೆ ವಯಸ್ಸಾಗಿದೆ ಎಂದು ಯಾರು ಹೇಳುವುದು? ಹೇಳಿದರೆ ಗರಗಸಗಳ ಹಲ್ಲು ಮಸೆಯುವುದನ್ನೂ ಬಿಟ್ಟು, ಬೇಲಿ ಸುತ್ತುವುದನ್ನೂ ಬಿಟ್ಟು ಮೂಲೆ ಸೇರುತ್ತಾರೆ ಎಂದು ಭಯವಾಯಿತು. ಕೋರ್ಟಿನಲ್ಲಿ ಗೆಲ್ಲುವ ಆಸೆಯೂ ಅಷ್ಟು ಹೊತ್ತಿಗೆ ನನಗೇ ಹತ್ತಿಬಿಟ್ಟಿತ್ತು. ಈಚೆ ದಡಕ್ಕೆ ಬಂದು ಮೂರನೆಯ ಗಾಯವನ್ನು ಬೇರೆ ಕಡೆಯಿಂದ ಇನ್ನೊಂದು ಸಲ ಫೋಟೋ ತೆಗೆದೆ. ಮಾವನಿಗೆ ಅದನ್ನೇ ತೋರಿಸಿ, "ಇದು ಐದನೇದು, ಕೆಳಗಡೆಯಿಂದ. ನೋಡಿ, ಎಷ್ಟು ಚೆನ್ನಾಗಿದೆ" ಎಂದೆ. ಮಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಹೊತ್ತು ನೋಡಿದರು. "ಆಯ್ತು" ಎಂದು ಮೊಬೈಲು ವಾಪಸು ಕೊಟ್ಟು ಊಟಕ್ಕೆ ಕೂತರು.

ವಾಯಿದೆಯ ದಿನ ಪ್ರೊಫೆಸರರ ವರದಿಯನ್ನು ಓದಿದರು. ಅವರು ನೆಲದ ಮೇಲೆ ನಿಂತು ನೋಡಿದ್ದರು, ಏಣಿ ತರಿಸಿರಲಿಲ್ಲ. ಐದೂ ಕಡೆ ಕುಯ್ದ ರೀತಿ ಕ್ರಮಬದ್ಧವಾಗಿದೆ, ಗಾಯಗಳು ಮುಚ್ಚತೊಡಗಿವೆ, ಮರಕ್ಕೆ ಇದರಿಂದ ಒಳ್ಳೆಯದೇ ಆಗಿದೆ, ಹಾನಿಯಾಗಿಲ್ಲ. ಸರ್ಕಾರಿ ವಕೀಲರು ತಕರಾರಿಲ್ಲವೆಂದರು. ಗೋಡೆಗೆ ಒರಗಿ ನಿಂತಿದ್ದ ಸೂಪರ್‌ವೈಸರ್‌ನ ಮುಖ ಅರಳಿತು. ನನಗಂತೂ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ.

ಮೇಡಂ ಬರೆಸುವ ಮೊದಲು ವಾಡಿಕೆಯಂತೆ, "ನೀವೇನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು. ಎಲ್ಲರೂ ಇಲ್ಲ ಎನ್ನುವ ಪ್ರಶ್ನೆ ಅದು.

"ಇದೆ ಮೇಡಂ" ಎಂದರು ಮಾವ. "ವರದಿ ನಾಲ್ಕಕ್ಕೆ ಸರಿ. ಐದನೇದಕ್ಕೆ ತಪ್ಪು. ಅದು ಕೆಟ್ಟಿದೆ, ಕೆಳಗಡೆ. ಕೆಡಿಸಿದ್ದು ನಾನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಬ್ಯಾಗಿನಲ್ಲಿದ್ದ ಮೊಬೈಲಿನ ಮೇಲೆ ಹೋಯಿತು.

"ನೀವು ಗೆದ್ದಿದೀರಿ, ಗೊತ್ತಾಯ್ತಾ?" ಎಂದರು ಮೇಡಂ.

"ನಾಲ್ಕರಲ್ಲಿ ಗೆದ್ದಿದೀನಿ, ಗೊತ್ತಾಯ್ತು. ಐದನೇದಕ್ಕೆ ಬರೋ ಹೊತ್ತಿಗೆ ತೋಳು ಸೋತಿತ್ತು. ಕೆಳಗಿನ ಕುಯ್ತ ಹಾಕೋಕೆ ಒಂದು ಮೆಟ್ಟಿಲು ಇಳೀಬೇಕಿತ್ತು. ಇಳೀಲಿಲ್ಲ. ತುಂಡು ಬೀಳುವಾಗ ತೊಗಟೆ ಸುಲಿದ ಸದ್ದು ಕೇಳಿಸ್ತು. ಅದನ್ನ ಸರಿಮಾಡೋ ಶಕ್ತಿ ಇರ್ಲಿಲ್ಲ, ಇಳಿದುಬಂದೆ. ಆಫೀಸಿನವರಿಗೂ ಹೇಳ್ಲಿಲ್ಲ, ಮನೇಲೂ ಹೇಳ್ಲಿಲ್ಲ." ಮುಂದುವರಿಸಿದರು: "ಈಗ ಎಲ್ಲಾ ಸರಿಯಾಗಿದೆ ಅಂತ ಕೋರ್ಟಲ್ಲೇ ಬರೆದ್ರೆ, ಇನ್ನು ಹತ್ತು ವರ್ಷ ಅಲ್ಲಿಗೆ ಯಾರೂ ಹತ್ತಲ್ಲ. ನೀರು ಒಳಗೆ ಇಳೀತಾನೇ ಇರುತ್ತೆ. ಅದೊಂದಕ್ಕೆ ಹಾನಿ ಅಂತ ಬರೀರಿ ಮೇಡಂ. ಬರೆದು, ಅದನ್ನ ಸರಿಮಾಡ್ಬೇಕು ಅಂತಾನೂ ಬರೀರಿ."

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿ ಮೇಡಂ ಮುಖ ನೋಡಿದ. ಎಂಟು ತಿಂಗಳ ಹಿಂದೆ ಒಂದು ಪದಕ್ಕೆ ಸಹಿ ಹಾಕುವುದಿಲ್ಲವೆಂದು ಹಟ ಹಿಡಿದ ಮನುಷ್ಯ, ಬಿಡುಗಡೆಯ ಬಾಗಿಲು ತೆರೆದಿಟ್ಟಿರುವಾಗ ಅದೇ ಪದವನ್ನು ತನ್ನ ಹೆಸರಿನ ಮುಂದೆ ಬರೆಯಿರಿ ಎಂದು ಕೇಳಿಕೊಳ್ಳುತ್ತಿದ್ದರು. ನನಗೆ ಮೊದಲು ಬಂದದ್ದು ಕೋಪ. ಆಮೇಲೆ ನಾಚಿಕೆ. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಮೇಡಂ ನಿಧಾನವಾಗಿ ಬರೆಸಿದರು. ನಾಲ್ಕರ ಮಟ್ಟಿಗೆ ಆರೋಪ ನಿಲ್ಲುವುದಿಲ್ಲ. ಒಂದರ ಮಟ್ಟಿಗೆ ಹಾನಿ, ಆರೋಪಿ ತಾನೇ ಒಪ್ಪಿಕೊಂಡಿದ್ದಾನೆ. ಚಿಕ್ಕ ದಂಡ. ಪಾರ್ಕಿನ ನಿಷೇಧ ಘಟನೆ ನಡೆದ ದಿನದಿಂದ ಒಂದು ವರ್ಷ. ಒಂಬತ್ತು ತಿಂಗಳು ಆಗಿಹೋಗಿರುವುದರಿಂದ ಇನ್ನು ಮೂರು ತಿಂಗಳು. ಹದಿನೈದು ದಿನದೊಳಗೆ ಪಾರ್ಕಿನ ಆಫೀಸು ಐದನೆಯ ಗಾಯವನ್ನು ಸರಿಪಡಿಸಬೇಕು. ಗುಮಾಸ್ತ ಕಾಗದ ಮುಂದಿಟ್ಟಾಗ ಮಾವ ಓದಿ, ಹಾನಿ ಎಂಬ ಪದ ಇದೆಯೇ ಎಂದು ಬೆರಳಿಟ್ಟು ನೋಡಿ, ಸಹಿ ಹಾಕಿದರು.

ವರಾಂಡದಲ್ಲಿ ಸೂಪರ್‌ವೈಸರ್ ಅಡ್ಡ ಬಂದು ನಿಂತ. ದೂರು ಬರೆದುಕೊಟ್ಟ ದಿನದಿಂದ ಮಾವನ ಕಣ್ಣು ತಪ್ಪಿಸುತ್ತಿದ್ದವನು. "ನೀವು ಕೆಳಗಿನ ಕುಯ್ತ ಬಿಟ್ರಾ ಮೇಸ್ಟ್ರೇ?" ಎಂದ. ನಂಬಿಕೆಯೇ ಬಂದಿರಲಿಲ್ಲ ಅವನಿಗೆ.

"ಬಿಟ್ಟೆ ಕಣೋ."

"ನಾನು ಒಂದು ಸಲ ಬಿಟ್ಟಿದ್ದಕ್ಕೆ ಮೂರು ದಿನ ಗರಗಸ ಮುಟ್ಟೋಕೆ ಬಿಟ್ಟಿರ್ಲಿಲ್ಲ ನೀವು."

"ನಿಂಗೆ ಮೂರು ದಿನ, ನಂಗೆ ಮೂರು ತಿಂಗಳು. ವಯಸ್ಸಿಗೆ ತಕ್ಕ ಹಾಗೆ" ಎಂದರು ಮಾವ. "ನೀನೇ ಹತ್ತು. ಗುತ್ತಿಗೆಯವರನ್ನ ಹತ್ತಿಸ್ಬೇಡ. ಸುಲಿದ ತೊಗಟೆನ ಎಳೀಬೇಡ, ಚೂಪು ಚಾಕು ತಗೊಂಡು ಅಂಟಿರೋವರೆಗೂ ಬಿಟ್ಟು ಮಿಕ್ಕಿದ್ದು ಕುಯ್ದು ತೆಗಿ. ನೀರು ನಿಲ್ದೆ ಇಳಿದುಹೋಗ್ಬೇಕು."

"ನಾನೇ ಹತ್ತೀನಿ ಮೇಸ್ಟ್ರೇ" ಎಂದು ಅವನು ಹೋದ.

ಬಸ್ ಸ್ಟಾಪಿನವರೆಗೆ ಮಾವ ಎಂದಿನಂತೆ ತಲೆ ಎತ್ತಿಕೊಂಡು ನಡೆದರು, ನಾನು ತಲೆ ತಗ್ಗಿಸಿಕೊಂಡು. ಬೆಂಚಿನಲ್ಲಿ ಕೂತ ಮೇಲೆ ಅವರೇ ಶುರುಮಾಡಿದರು. "ಮೂರನೇದನ್ನ ಎರಡು ಸಲ ತೋರಿಸ್ದೆ."

"ಗೊತ್ತಾಯ್ತಾ?"

"ಮೂರನೇದರ ಪಕ್ಕದಲ್ಲಿ ತೊಗಟೆ ಮೇಲೆ ಒಂದು ಗಂಟಿದೆ. ಅದನ್ನ ಇಪ್ಪತ್ತು ವರ್ಷದಿಂದ ನೋಡ್ತಿದೀನಿ."

"ಮತ್ತೆ ಯಾಕೆ ಸುಮ್ಮನಿದ್ರಿ ಮಾವ? ಅವತ್ತೇ ಬೈದಿದ್ರೆ ಆಗ್ತಿತ್ತಲ್ಲ."

"ಬೈಯೋಕೇನಿದೆ? ಚೆನ್ನಾಗಿದ್ದಿದ್ರೆ ನೀನು ಚೆನ್ನಾಗಿರೋದನ್ನೇ ತೋರಿಸ್ತಿದ್ದೆ. ನೀನು ಸುಳ್ಳು ಹೇಳಿದ ಮೇಲೆ ಗೊತ್ತಾಯ್ತು, ಅದು ಮುಚ್ಚಿಲ್ಲ ಅಂತ. ಅಲ್ಲೀವರೆಗೂ ಮುಚ್ಚಿರಬಹುದೇನೋ ಅಂತ ಒಂದು ಆಸೆ ಇತ್ತು ನಂಗೆ." ಬಸ್ಸು ಬರುತ್ತಿದೆಯೇ ಎಂದು ಒಮ್ಮೆ ನೋಡಿ, "ಆಸೆ ಇರೋವರೆಗೂ ಬಾಯಿ ಬಿಡ್ಲಿಲ್ಲ ನಾನೂ. ನಿಂಗೆ ಏನಂತ ಬೈಲಿ?" ಎಂದರು.

ನನಗೆ ಅಳು ಬಂತು. ಬಸ್ ಸ್ಟಾಪಿನಲ್ಲಿ ನಾಲ್ಕು ಜನರ ಎದುರಿಗೆ, ನಲವತ್ತಾರು ವರ್ಷದ ಹೆಂಗಸು, ಸೆರಗಿನಲ್ಲಿ ಮೂಗೊರೆಸಿಕೊಂಡು ಅತ್ತುಬಿಟ್ಟೆ. ಮಾವ ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಹೇಳಿದರು: "ಇನ್ನು ಮೂರು ತಿಂಗಳು ನಾನು ಹೊರಗೆ. ನೀನು ಹೋಗ್ಬೇಕು. ಮಿಕ್ಕಿದ್ದೇನೂ ಬೇಡ, ಐದನೇದೊಂದೇ ನೋಡ್ಕೊಂಡು ಬಾ."

"ಫೋಟೋ ತೆಗೀಲಾ?"

"ಫೋಟೋ ಯಾಕೆ? ನೋಡಿ ಬಂದು ಹೇಳು, ಸಾಕು."

ಮುಂದಿನ ಭಾನುವಾರ ಹೋದೆ. ಸೂಪರ್‌ವೈಸರ್ ಹತ್ತಿ ಕೆಲಸ ಮುಗಿಸಿದ್ದ. ಕಪ್ಪಗೆ ನಿಂತಿದ್ದ ನೀರು ಹೋಗಿ ಆ ಜಾಗ ಒಣಗಿತ್ತು. ತುಟಿ ಮಾತ್ರ ಇರಲಿಲ್ಲ. ಮಾವನ ಮನೆಗೆ ಹೋದಾಗ ಅವರು ತಟ್ಟೆಯ ಮುಂದೆ ಕೂತಿದ್ದರು, ತುತ್ತು ಎತ್ತದೆ. "ಬಂದಿಲ್ಲ ಮಾವ" ಎಂದೆ. "ಸರಿ, ಕೈ ತೊಳ್ಕೊಂಡು ಬಾ, ಊಟ ಮಾಡು" ಎಂದರು.

ಆ ಮೂರು ತಿಂಗಳಲ್ಲಿ ಹನ್ನೆರಡು ಭಾನುವಾರ ಬಂದವು. ಹನ್ನೆರಡು ಸಲವೂ ಬಂದಿಲ್ಲ ಎಂದೇ ಹೇಳಬೇಕಾಯಿತು. ಹನ್ನೆರಡು ಸಲವೂ ಅದನ್ನೇ ಹೇಳಿದೆ.